ಥ್ರೆಡ್‌ಬೇರ್ ಎಂಬ ಸೀರೆ

ಪುಣೆಯ ಕೊಂಢವಾ ಬಡಾವಣೆಯ ಆ ಓಣಿಯಲ್ಲಿ ಯಮನವ್ವನ ಮನೆ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಯಾವ ಕಾಂಪೌಂಡ್ ಗೋಡೆಯ ಮೇಲೆ ಕೌದಿ ಒಣಗಿರುತ್ತದೋ ಅದರ ಹಿಂದಿನ ಎರಡು ಕೋಣೆಯೇ ಅವಳದು. ಯಾದಗಿರಿ ಸೀಮೆಯಿಂದ ಗಂಡ ಅವ್ವಣ್ಣನ ಬೆನ್ನು ಹತ್ತಿ ಪುಣೆಗೆ ಬಂದಾಗ ಅವಳಿಗೆ ಇಪ್ಪತ್ತು ದಾಟಿತ್ತಷ್ಟೆ. ಆಮೇಲೆ ಇಪ್ಪತ್ತಾರು ವರ್ಷ ತಲೆಯ ಮೇಲಿನ ಸಿಂಬಿ ಇಳಿಯಲಿಲ್ಲ. ಉಸುಕು ಹೊತ್ತಳು, ಇಟ್ಟಿಗೆ ಹೊತ್ತಳು, ಕಲಸಿದ ಸಿಮೆಂಟು ಹೊತ್ತು ಎಂಟು ಮಾಳಿಗೆ ಹತ್ತಿದಳು. ಕೊನೆಗೆ ಮೊಣಕಾಲು ಕೈಕೊಟ್ಟವು. ಅವ್ವಣ್ಣ ತಾನೇ ಕಟ್ಟಿದ ಒಂದು ಬಿಲ್ಡಿಂಗಿಗೆ ವಾಚ್‌ಮನ್ ಆದ. ಮಗ ಕಿಶೋರ ಭೋಸರಿಯ ಕಾರಖಾನೆಗೆ ಸೇರಿದ. ಯಮನವ್ವ, ಸತ್ತುಹೋದ ಅತ್ತೆ ಕಲಿಸಿದ್ದ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು.

ಕೌದಿಯೆಂದರೆ ಮನೆಮಂದಿಯ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಪ್ಪ ದಾರದಿಂದ ಹೊಲಿದ ಹೊದಿಕೆ. ನೋಡುವವರ ಕಣ್ಣು ಮೇಲಿನ ಬಣ್ಣದ ತೇಪೆಗಳ ಮೇಲಿರುತ್ತದೆ. ಹೊಲಿಯುವವಳ ಕಣ್ಣು ಮಾತ್ರ ಹೊಟ್ಟೆಯ ಮೇಲೆ. ಗಟ್ಟಿ ಬಟ್ಟೆ ಹೊರಗೆ, ಜಾಳಾದದ್ದು ಹೊಟ್ಟೆಯೊಳಗೆ. ಉಟ್ಟು ಉಟ್ಟು, ಒಗೆದು ಒಗೆದು, ನೂಲು ಸಡಿಲಾಗಿ ಆಚೆಯ ಬೆಳಕು ಈಚೆಗೆ ಕಾಣುವಂಥ ಬಟ್ಟೆಗೆ ಜಾಳು ಎನ್ನುತ್ತಾರೆ. ಅಂಥದ್ದನ್ನು ಗೇಣಗಲ ಸೀಳಿ ಎರಡು ಗಟ್ಟಿ ಸೀರೆಗಳ ನಡುವೆ ಹಾಸಿದರೆ ಬಿಸಿಲು ತಾಗದು, ಕೈ ಉಜ್ಜದು, ಇನ್ನೂ ಇಪ್ಪತ್ತು ವರ್ಷ ಇರುತ್ತದೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಒಣರೊಟ್ಟಿ ಒಳಗಿಡಬೇಕು. ಹಸಿದ ಹೊಟ್ಟೆಯಲ್ಲಿ ಕೌದಿಯನ್ನು ಯಾರ ಮನೆಗೂ ಕಳಿಸಬಾರದು. ಇಷ್ಟೇ ಅವಳ ಶಾಸ್ತ್ರ. ಇದನ್ನು ಅವಳು ಯಾರನ್ನೂ ಕೇಳಿ ಮಾಡುತ್ತಿರಲಿಲ್ಲ, ಕೇಳುವ ಪ್ರಸಂಗವೂ ಬಂದಿರಲಿಲ್ಲ.

ಸುಮಂಗಲಾಬಾಯಿ ಅವಳನ್ನು ಕಂಡದ್ದು ಆ ಗೋಡೆಯಿಂದಲೇ. ಹಿಂಜವಾಡಿಯ ಫ್ಲ್ಯಾಟಿನಿಂದ ಯಾವುದೋ ಮದುವೆಯ ಕರೆಯೋಲೆ ಕೊಡಲು ಕೊಂಢವಾಕ್ಕೆ ಬಂದವರು ಕೌದಿ ನೋಡಿ ನಿಂತರು, ಒಳಗಿನಿಂದ ಕನ್ನಡ ಕೇಳಿ ಒಳಗೇ ಬಂದುಬಿಟ್ಟರು. ಧಾರವಾಡದ ಮನೆತನ, ಆದರೆ ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲಿ. ವಿಮಾ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಕನ್ನಡ ಬಾಯಲ್ಲಿತ್ತು, ಬರೆಯಲು ಬಾರದು. ತಾಯಿ ಪ್ರೇಮಾವತಿಬಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ಹಿಂದಿನ ಭಾದ್ರಪದದಲ್ಲಿ ತೀರಿಕೊಂಡಿದ್ದರು.

"ಅವ್ವನ ಸೀರಿ ಅದಾವ್ರಿ. ವರ್ಷದ ತಿಥಿಗೆ ಒಂದು ಕೌದಿ ಆಗಬೇಕು. ನಾ ಹೊತಗೊಳ್ಳಾಕ," ಅಂದರು.

"ಆಗ್ಲಿರಿ ಬಾಯಾರ. ತಂದು ಕೊಡ್ರಿ. ಯಾವುದು ಎಲ್ಲಿ ಬರಬೇಕು ಚೀಟಿ ಬರದು ಹಚ್ಚಿಬಿಡ್ರಿ, ನಮ್ಮ ಸೊಸಿ ಓದತಾಳ. ಇಂಗ್ಲೀಷೂ ಓದತಾಳ," ಎಂದಳು ಯಮನವ್ವ.

ಆ ಕೊನೆಯ ಮಾತನ್ನು ಅವಳು ಹೇಳಬೇಕಾಗಿರಲಿಲ್ಲ. ಸೊಸೆ ಶಿವಕಾಂತಾ ಓದಿದ್ದು ಮರಾಠಿ ಸಾಲೆಯಲ್ಲಿ ಹತ್ತನೆಯ ತರಗತಿಯವರೆಗೆ. ಔಷಧದ ಅಂಗಡಿಯಲ್ಲಿ ಕೆಲಸ, ಡಬ್ಬಿಯ ಮೇಲಿನ ಹೆಸರು ಓದಬಲ್ಲಳು. ಆದರೆ ಬಂದ ಬಾಯಿಯವರು ನಾಜೂಕಿನವರು, ನೆಲದ ಮೇಲೆ ಚಾಪೆ ಬೇಡವೆಂದು ಹಾಗೇ ಕುಳಿತವರು. ಅವರೆದುರು ತನ್ನ ಮನೆಯೂ ಒಂದಿಷ್ಟು ಎತ್ತರ ಕಾಣಲಿ ಎಂಬ ಆಸೆ.

ಎಂಟು ದಿನಕ್ಕೆ ಗಂಟು ಬಂತು. ಕ್ಯಾಬಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಸುಮಂಗಲಾಬಾಯಿ ಒಂದೊಂದೇ ಸೀರೆ ತೆಗೆದಿಟ್ಟರು. ಪ್ರತಿಯೊಂದಕ್ಕೂ ಪಿನ್ನು ಚುಚ್ಚಿದ ಚೀಟಿ: ಹಸಿರು ಇಳಕಲ್ ಮೇಲಿನ ಹಾಸು, ಸಾಸಿವೆ ಬಣ್ಣದ್ದು ಅಂಚು, ನೀಲಿಯದು ಹಿಂಬದಿ. ಕೊನೆಗೆ ದಿಂಬಿನ ಚೀಲದಲ್ಲಿ ಸುತ್ತಿದ್ದೊಂದು. ಅದನ್ನು ಕೊಡುವಾಗ ಅವರ ಕೈ ಅದರ ಮೇಲೇ ಒಂದು ಗಳಿಗೆ ನಿಂತಿತು, ಕಣ್ಣು ತುಂಬಿತು.

"ಇದಕ್ಕೂ ಚೀಟಿ ಹಚ್ಚೀನ್ರಿ. ಮತ್ತೇನು ಹೇಳಲಿ," ಎಂದು ಎದ್ದರು. ಹಾರ್ನು ಮತ್ತೆ ಕೂಗಿತು. ಹೋದರು.

ಸಂಜೆ ಶಿವಕಾಂತಾ ಚೀಟಿ ಓದಿದಳು. ಮೊದಲಿನವೆಲ್ಲ ಮರಾಠಿಯಲ್ಲಿ, ಸರಾಗ. ದಿಂಬಿನ ಚೀಲದ ಸೀರೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಶಬ್ದವಿತ್ತು. ಎಲ್ಲಿಡಬೇಕೆಂದು ಇರಲಿಲ್ಲ, ಏನು ಮಾಡಬೇಕೆಂದೂ ಇರಲಿಲ್ಲ.

"ಥ್ರೆಡ್‌ಬೇರ್," ಎಂದು ಅಕ್ಷರ ಕೂಡಿಸಿ ಓದಿದಳು. "ಇದು ನಮ್ಮ ಔಷಧದಾಗ ಬರಂಗಿಲ್ಲ ಅತ್ತಿ, ತಡಿ." ಮೊಬೈಲಿನಲ್ಲಿ ಹುಡುಕಿ ಮರಾಠಿಯಲ್ಲಿ ಅರ್ಥ ನೋಡಿದಳು. "ನೂಲು ಬಯಲಿಗೆ ಬಿದ್ದದ್ದು ಅಂತ. ಸವದು ಸವದು ಚಿಂದಿ ಆದ ಬಟ್ಟಿ."

"ಜಾಳ ಅನ್ನು," ಎಂದಳು ಯಮನವ್ವ. ಸೀರೆ ಬಿಚ್ಚಿ ದೀಪಕ್ಕೆ ಹಿಡಿದಳು. ದಾಳಿಂಬೆ ಬಣ್ಣದ ಇಳಕಲ್, ಈಗ ಹಾಲು ಹೆಚ್ಚಾದ ಚಹದಂತೆ ಮಾಸಿತ್ತು. ಎಡ ಸೊಂಟದ ಜಾಗದಲ್ಲಿ ಅಂಗೈಯಗಲ ಎಷ್ಟು ತೆಳುವಾಗಿತ್ತೆಂದರೆ ದೀಪ ಹಾಗೇ ಕಾಣುತ್ತಿತ್ತು. "ಮುಟ್ಟಿದರ ಗೊತ್ತಾಗ್ತದ. ಇದಕ್ಯಾಕ ಇಂಗ್ಲೀಷು?"

"ದೊಡ್ಡಮಂದಿ," ಎಂದಳು ಶಿವಕಾಂತಾ. "ಹೊಸದಕ್ಕ ಹೊಸದು ಅಂತ ಚೀಟಿ, ಹಳೇದಕ್ಕ ಹಳೇದು ಅಂತ ಚೀಟಿ."

ಇಬ್ಬರೂ ನಕ್ಕರು. ನಗುತ್ತಿರುವಾಗಲೇ ಯಮನವ್ವನ ಮನಸ್ಸಿನಲ್ಲಿ ಸಣ್ಣಗೆ ಚುಚ್ಚಿತು. ಕೈಗೇ ತಿಳಿಯುವುದನ್ನು ಚೀಟಿಯಲ್ಲಿ ಯಾರು ಬರೆಯುತ್ತಾರೆ? ಚಿಂದಿಯನ್ನು ದಿಂಬಿನ ಚೀಲದಲ್ಲಿ ಯಾರು ಸುತ್ತಿ ತರುತ್ತಾರೆ? ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಏನೆಂದು ಕೇಳುವುದು? ಇಂಗ್ಲಿಷ್ ಓದುವ ಸೊಸೆ ಇದ್ದಾಳೆಂದು ಹೇಳಿದ ಬಾಯಿಂದಲೇ, ನೀವು ಬರೆದದ್ದು ತಿಳಿಯಲಿಲ್ಲ ಎಂದು ಹೇಗೆ ಅನ್ನುವುದು? ಅರ್ಥವಂತೂ ಗೊತ್ತಾಗಿದೆ. ಜಾಳಾದದ್ದು ಹೊಟ್ಟೆಗೆ. ಅವಳು ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಪರ್ರನೆ ಗೇಣಗಲ ಸೀಳಿದಳು. ಆ ಸಪ್ಪಳ ಆಮೇಲೆ ಅವಳಿಗೆ ಎಷ್ಟೋ ದಿನ ಕೇಳಿಸಿತು.

ತಿಥಿಗೆ ನಾಲ್ಕು ದಿನ ಉಳಿದಿರುವಾಗ ಫೋನ್ ಬಂತು. ಕೌದಿ ಮುಗಿಯುತ್ತ ಬಂದಿತ್ತು. ಒಂದು ಮೂಲೆಯಷ್ಟೇ ಬಾಕಿ.

"ಯಮನವ್ವಾರ, ಥ್ರೆಡ್‌ಬೇರ್ ಹೆಂಗ ಕಾಣಸ್ತದ್ರಿ? ಮ್ಯಾಲೇ ಇಟ್ಟೀರಲ್ಲ, ಮುಖಕ್ಕ ಹತ್ತೂಹಂಗ?"

ಯಮನವ್ವನ ಕೈಯಲ್ಲಿ ಸೂಜಿ ಹಾಗೇ ನಿಂತಿತು.

ಸುಮಂಗಲಾಬಾಯಿಯವರಿಗೆ ಆ ದಿನ ಮಾತು ಬೇಕಾಗಿತ್ತು. ಅವರು ಹೇಳುತ್ತ ಹೋದರು. ಅದು ಅವರ ಅವ್ವ ಶಾಲೆಯಿಂದ ಬಂದಕೂಡಲೇ ಉಡುತ್ತಿದ್ದ ಸೀರೆ. ಎಡಸೊಂಟಕ್ಕೆ ಕೀಲಿಕೈ ಗೊಂಚಲು ಸಿಗಿಸಿ ಸಿಗಿಸಿ ಅಲ್ಲಿ ಸವೆದಿತ್ತು. ಸಣ್ಣವಳಿದ್ದಾಗ ಸುಮಂಗಲಾ ಹೆದರಿದರೆ ಕೈ ಹೋಗುತ್ತಿದ್ದದ್ದು ಆ ಜಾಗಕ್ಕೇ. ಬೀಗರು ಬರುವ ದಿನ ಅಪ್ಪ, "ಆ ಚಿಂದಿ ಬಿಚ್ಚಿ ಬ್ಯಾರೆ ಉಡು ಮಾರಾಯ್ತಿ," ಎಂದರೆ ಅವ್ವ, "ಇದಕ್ಕ ಚಿಂದಿ ಅನಬ್ಯಾಡ್ರಿ, ಥ್ರೆಡ್‌ಬೇರ್ ಅನ್ರಿ. ಇಂಗ್ಲಿಷಿನ್ಯಾಗ ಹೇಳಿದರ ಮರ್ಯಾದಿ ಬರ್ತದ," ಎನ್ನುತ್ತಿದ್ದರಂತೆ. ಅಂದಿನಿಂದ ಆ ಮನೆಯಲ್ಲಿ ಅದು ಆ ಸೀರೆಯ ಹೆಸರೇ ಆಗಿಹೋಯಿತು. ಥ್ರೆಡ್‌ಬೇರ್ ಒಣಗಿತೇನು, ಥ್ರೆಡ್‌ಬೇರ್ ಎಲ್ಲಿಟ್ಟೆ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅವ್ವ ಕೇಳಿದ್ದೂ ಅದನ್ನೇ. ತಂದು ಎದೆಯ ಮೇಲೆ ಹೊದಿಸಿದ್ದರು.

"ಅದಕ್ಕ ಚೀಟಿ ಮ್ಯಾಲ ಬ್ಯಾರೆ ಏನೂ ಬರೀಲಿಲ್ಲ ನೋಡ್ರಿ. ಆ ಒಂದು ಶಬ್ದದಾಗ ಎಲ್ಲಾ ಬಂತು ಅನಿಸ್ತು," ಎಂದರು ಸುಮಂಗಲಾಬಾಯಿ. "ಕೌದಿ ನಟ್ಟನಡುವ ಇಟ್ಟೀರಿ, ಹೌದಲ್ರಿ?"

"ಹೂಂ ರೀ, ಇಟ್ಟೀನಿ," ಎಂದಳು ಯಮನವ್ವ.

ಫೋನ್ ಇಟ್ಟ ಮೇಲೆ ಅವಳು ಬಹಳ ಹೊತ್ತು ಕೌದಿಯ ಮೇಲೆ ಕೈಯಾಡಿಸುತ್ತ ಕುಳಿತಳು. ಕೈಗೆ ಏನೂ ತಿಳಿಯಲಿಲ್ಲ. ಹಸಿರು ಸೀರೆಯ ಕೆಳಗೆ, ಏಳು ಸೀಳಾಗಿ, ಆ ಸೀರೆ ಎಲ್ಲಿ ಹೇಗೆ ಬಿದ್ದಿದೆಯೋ. ಬಿಚ್ಚಿ ಹೊಲಿಯಲು ಹದಿನೈದು ದಿನವಾದರೂ ಬೇಕು. ಉಳಿದದ್ದು ನಾಲ್ಕು.

ನಿಜ ಹೇಳಲು ನಾಲ್ಕು ದಿನ ಬೇಕಾಗಿರಲಿಲ್ಲ, ನಾಲ್ಕು ಮಾತು ಸಾಕಿತ್ತು. ಅವಳು ಟ್ರಂಕು ತೆಗೆದಳು. ತಳದಲ್ಲಿ ಅವಳದೇ ಒಂದು ಇಳಕಲ್ ಸೀರೆ ಇತ್ತು, ದಾಳಿಂಬೆ ಬಣ್ಣದ್ದು, ಮಾಸಿ ಮಾಸಿ ಅದೇ ಚಹದ ಬಣ್ಣಕ್ಕೆ ಬಂದದ್ದು. ಉಸುಕು ಹೊರುವಾಗ ಕಚ್ಚೆ ಹಾಕಿ ಉಡುತ್ತಿದ್ದ ಸೀರೆ. ಸೊಂಟದಲ್ಲಿ ಅಲ್ಲ, ಬುಟ್ಟಿ ಇಳಿಸುವಾಗ ತಿಕ್ಕುತ್ತಿದ್ದ ಭುಜದ ಹತ್ತಿರ ಅದು ಜಾಳಾಗಿತ್ತು. ಆ ಜಾಗವನ್ನು ಚೌಕಾಗಿ ಕತ್ತರಿಸಿ, ಕೌದಿಯ ನಟ್ಟನಡುವೆ ಇಟ್ಟು, ತನ್ನ ಜನ್ಮದಲ್ಲೇ ಹಾಕಿರದಂಥ ಸಣ್ಣ ಹೊಲಿಗೆ ಹಾಕಿ ಹಚ್ಚಿದಳು. ಚೆಂದ ಕಾಣಿಸಿತು. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ರೊಟ್ಟಿಯ ಚೂರಿಟ್ಟು ಕೊನೆಯ ಮೂಲೆ ಮುಚ್ಚಿದಳು.

ತಿಥಿಯ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಹಿಂಜವಾಡಿಗೆ ಹೋದಳು. ಹನ್ನೊಂದನೆಯ ಮಾಳಿಗೆ. ಸುಮಂಗಲಾಬಾಯಿಯವರ ಗಂಡ ಮನೋಹರರಾಯರೇ ಬಾಗಿಲು ತೆಗೆದರು. "ಬರ್ರಿ ಬರ್ರಿ. ಎರಡು ತಿಂಗಳಿಂದ ನಮ್ಮ ಮನ್ಯಾಗ ನಿಮ್ಮದೇ ಜಪ. ನಮ್ಮತ್ತಿ ಇದ್ದಾಗ ನನಗ ಇಷ್ಟು ಅಂಜಿಕಿ ಇರಲಿಲ್ಲ, ಈಗ ಅವರ ಸೀರಿಗೆ ಅಂಜಬೇಕಾಗೇದ," ಎಂದು ನಕ್ಕರು.

ಕೌದಿಯನ್ನು ಮಂಚದ ಮೇಲೆ ಬಿಡಿಸಿದರು. ಸುಮಂಗಲಾಬಾಯಿ ಹಸಿರು ನೋಡಿದರು, ಸಾಸಿವೆ ಅಂಚು ನೋಡಿದರು. ಆಮೇಲೆ ನಡುವಿನ ಚೌಕಿನ ಮೇಲೆ ಮೆಲ್ಲಗೆ ಬಗ್ಗಿ ಮುಖವಿಟ್ಟರು. ಬೆನ್ನು ಅಲುಗಿತು. ಮನೋಹರರಾಯರು ಕಿಟಕಿಯ ಕಡೆ ತಿರುಗಿದರು.

"ವಾಸನಿ ಇನ್ನೂ ಅದ ನೋಡ್ರಿ," ಎಂದರು ಸುಮಂಗಲಾಬಾಯಿ, ಮುಖ ಎತ್ತದೆ. "ವರ್ಷಾತು, ನೀವು ಒಗದೀರಿ, ಆದರೂ ಅದ. ಅವ್ವನ ವಾಸನಿ."

ಯಮನವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಬೆವರು, ಅವಳ ಸಿಮೆಂಟು, ಅವಳ ಟ್ರಂಕಿನ ಡಾಂಬರಗುಳಿಗೆ. ಈಗ ಹೇಳಬೇಕು ಎಂದುಕೊಂಡಳು. ಈಗ ಹೇಳಿದರೆ ಆ ಅಳು ಏನಾಗುತ್ತದೆ ಎಂದೂ ಅಂದುಕೊಂಡಳು. ಅಷ್ಟರಲ್ಲಿ ಅವರು ಎದ್ದು, ಕಣ್ಣೊರಸಿ, ಅವಳ ಕೈಹಿಡಿದು ಊಟಕ್ಕೆ ಕರೆದೊಯ್ದರು. ಹೂರಣದ ಹೋಳಿಗೆ, ತುಪ್ಪ. ಬಡಿಸಿದ್ದನ್ನು ತಲೆ ಎತ್ತದೆ ಉಂಡಳು. ಏಳುವಾಗ ಕುಂಕುಮ ಹಚ್ಚಿ ಉಡಿಯಲ್ಲಿ ಕುಬಸದ ಬಟ್ಟೆ ಹಾಕಿ, "ನಮ್ಮ ಅವ್ವನ್ನ ನನಗ ತಿರುಗಿ ಕೊಟ್ರಿ," ಎಂದು ಸುಮಂಗಲಾಬಾಯಿ ಅವಳ ಕಾಲಿಗೆ ಬಗ್ಗಲು ಹೋದರು. ಯಮನವ್ವ ಬೆಂಕಿ ತಾಗಿದವಳಂತೆ ಹಿಂದೆ ಸರಿದಳು. ನಾಚಿಕೆಯೆಂದು ಅವರು ತಿಳಿದುಕೊಂಡರು.

ಮನೆಯಲ್ಲಿ ಅವಳು ಗಂಡನಿಗೂ ಸೊಸೆಗೂ ಹೇಳಿದಳು. ಅವ್ವಣ್ಣ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಎರಡೂ ಇಳಕಲ್ಲೇ, ಎರಡೂ ಒಂದ ಬಣ್ಣ. ಅತ್ತರು, ಹಗುರಾದರು, ಆತಲ್ಲ. ನೀ ಯಾಕ ಭಾರ ಹೊರತಿ? ಬುಟ್ಟಿ ಇಳಿಸಿದ ಮ್ಯಾಲೂ ನಿನ್ನ ತಲಿ ಖಾಲಿ ಇರಾಂಗಿಲ್ಲ," ಎಂದ.

ಶಿವಕಾಂತಾಳಿಗೆ ಆ ಶಬ್ದ ಈಗ ಬಿಡದಾಗಿತ್ತು. ಔಷಧದ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಮತ್ತೆ ಮತ್ತೆ ಹುಡುಕಿ ಓದಿದ್ದಳು. "ಬಟ್ಟಿಗೆ ಅಷ್ಟ ಅಲ್ಲ ಅತ್ತಿ. ರತ್ನಗಂಬಳಿಗೂ ಅಂತಾರ, ಕುರ್ಚಿ ಮ್ಯಾಲಿನ ಗವಸಣಿಗಿಗೂ ಅಂತಾರ. ಮಂದಿ ಹೇಳಿ ಹೇಳಿ ಸವದ ನೆಪಕ್ಕೂ ಅದ ಶಬ್ದ ಅಂತ," ಎಂದು ಸುಮ್ಮನೆ ಹೇಳಿದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಯಮನವ್ವ ತಾನು ಫೋನ್ ಬಂದ ದಿನದಿಂದ ತನಗೇ ಹೇಳಿಕೊಳ್ಳುತ್ತಿದ್ದ ಮಾತುಗಳನ್ನು ಒಂದೊಂದಾಗಿ ಎಣಿಸಿದಳು. ನನಗೆ ಇಂಗ್ಲಿಷ್ ಬಾರದು. ಅವರು ಬಾಯಿಬಿಟ್ಟು ಹೇಳಲಿಲ್ಲ. ಹೊತ್ತಿರಲಿಲ್ಲ. ಹೊಟ್ಟೆಗಿಟ್ಟರೇ ಬಾಳುತ್ತದೆ. ಮೊದಲ ದಿನ ಇವು ಗಟ್ಟಿಯಾಗಿದ್ದವು. ಈಗ ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತಿತ್ತು. ತಿಥಿಯ ಮಧ್ಯಾಹ್ನ ಚೌಕಿನ ಮೇಲೆ ಮುಖವಿಟ್ಟವರ ಬೆನ್ನು ಅಲುಗಿದ್ದು, "ಅವ್ವನ ವಾಸನಿ" ಎಂದದ್ದು, ಅದೇ ಕಾಣುತ್ತಿತ್ತು.

ದಸರೆ ಮುಗಿದ ಮೇಲೆ ಮತ್ತೆ ಫೋನ್ ಬಂತು. ಸುಮಂಗಲಾಬಾಯಿಯವರ ದನಿ ಹಗುರಾಗಿತ್ತು. "ಯಮನವ್ವಾರ, ವರ್ಷದ ಮ್ಯಾಲೆ ಛಂದ ನಿದ್ದಿ ಹತ್ತೇದ್ರಿ. ಅದರ ಮ್ಯಾಲ ಗಲ್ಲ ಇಟ್ಟು ಮಲಗತೀನಿ. ಒಂದು ವಿಚಾರ ಮಾಡೀನಿ. ಅವ್ವನ ಉಳದ ಸೀರಿ, ಶಾಲು, ಚಷ್ಮಾ, ಎಲ್ಲಾ ಹಜಾರದ ಪೆಟಿಗ್ಯಾಗ ಕಟ್ಟಿ ಇಟ್ಟೀನಿ. ಏಕಾದಶಿಗೆ ವೃದ್ಧಾಶ್ರಮದವರು ಬಂದು ಒಯ್ತಾರ. ಇಷ್ಟು ದಿನ ಒಂದೂ ಬಿಡಾಕ ಮನಸ ಬರಲಿಲ್ಲ. ಈಗ ಥ್ರೆಡ್‌ಬೇರ್ ಅದಲ್ಲ, ಉಳದದ್ದು ಯಾಕ ಬೇಕು?"

ಏಕಾದಶಿಗೆ ಮೂರು ದಿನವಿತ್ತು.

ಆ ಮೂರು ದಿನ ಯಮನವ್ವ ಏನು ಮಾಡಿದಳೆಂದು ಕೇಳಿದರೆ ಹೇಳಲು ಏನೂ ಇಲ್ಲ. ಮೊದಲ ದಿನ ಹೋಗಬೇಕೆಂದು ಸೀರೆ ಬದಲಿಸಿದಳು; ಮಳೆ ಬರುವಂತಿದೆ ಎಂದು ಕುಳಿತಳು, ಮಳೆ ಬರಲಿಲ್ಲ. ಎರಡನೆಯ ದಿನ ಸ್ವಾರಗೇಟ್ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಿಂಜವಾಡಿಯ ಬಸ್ಸು ಎದುರಿಗೇ ನಿಂತಿರಲು, ಕಂಡಕ್ಟರ್ "ಚಲಾ ಮಾವಶಿ" ಎಂದು ಕರೆಯುತ್ತಿರಲು, ಹತ್ತದೆ ತಿರುಗಿ ಬಂದಳು. ಮೂರನೆಯ ದಿನ ಮೊಣಕಾಲು ನೋವೆಂದು ಮಲಗಿದಳು. ಏಕಾದಶಿಯ ಮರುದಿನ ಯಾರಿಗೂ ಹೇಳದೆ ಎದ್ದು ಹೋದಳು.

ಹಜಾರದ ಗೋಡೆಯ ಪಕ್ಕದಲ್ಲಿ ಹಿಂದಿನ ಸಲ ಕಂಡಿದ್ದ ಕಟ್ಟಿಗೆಯ ಪೆಟ್ಟಿಗೆ ಇರಲಿಲ್ಲ. ನೆಲದ ಮೇಲೆ ಅದರ ಅಳತೆಯ ಬಿಳಿ ಗುರುತಿತ್ತು.

"ನಿನ್ನೇ ಒಯ್ದರ್ರಿ," ಎಂದರು ಸುಮಂಗಲಾಬಾಯಿ. "ಕೂಡ್ರಿ. ಏನು ಹಂಗ ದಮ್ಮು ಹತ್ತೇದ ನಿಮಗ? ನೀರು ತರ್ತೀನಿ."

"ಬ್ಯಾಡ್ರಿ. ಕೂಡಂಗಿಲ್ರಿ ನಾ," ಎಂದಳು ಯಮನವ್ವ. "ಬಾಯಾರ, ಆ ಚೌಕು ನಿಮ್ಮ ಅವ್ವಾರದಲ್ಲ."

ನೀರು ತರಲು ಹೊರಟಿದ್ದ ಸುಮಂಗಲಾಬಾಯಿ ತಿರುಗಿದರು.

"ಅದು ನಂದ್ರಿ. ಉಸುಕು ಹೊರೂವಾಗ ಉಡತಿದ್ದೆ. ಅವ್ವಾರದು ಒಳಗ ಅದ, ಹೊಟ್ಟ್ಯಾಗ. ಜಾಳ ಅಂತ ನಾ ಸೀಳಿ ಹಾಸಿಬಿಟ್ಟೆ. ನೀವು ಫೋನ್ ಮಾಡಿದಾಗ ಗೊತ್ತಾತು. ಆವಾಗ ಹೇಳಲಿಲ್ಲ. ತಿಥಿ ದಿನಾ ಹೇಳಲಿಲ್ಲ. ಮೊನ್ನೆ ಹೇಳಬೇಕಿತ್ತು, ಪೆಟಿಗಿ ಇದ್ದಾಗ. ಬಸ್ ಸ್ಟ್ಯಾಂಡಿನ ತನಕ ಬಂದು ತಿರುಗಿ ಹೋದೆ."

ಒಳಗಿನಿಂದ ಮನೋಹರರಾಯರು ಕಾಗದ ಓದುತ್ತಿದ್ದವರು ಎದ್ದು ಬಂದರು. ಹೆಂಡತಿಯ ಮುಖ ನೋಡಿ ಅವರ ಪಕ್ಕದಲ್ಲಿ ನಿಂತರು.

ಸುಮಂಗಲಾಬಾಯಿ ಬೈಯಲಿಲ್ಲ. ಬೈದಿದ್ದರೆ ಯಮನವ್ವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಕೂಲಿ ಮಾಡಿಸುವ ಮುಕದ್ದಮರ ಕೈಯಲ್ಲಿ ಬೈಸಿಕೊಂಡು ಬಾಳಿದ ಜೀವ. ಅವರು ಒಳಗೆ ಹೋಗಿ ಕೌದಿ ತಂದು ನೆಲದ ಮೇಲೆ ಇಟ್ಟರು. ಕಪಾಟಿನಿಂದ ಸಣ್ಣ ಕತ್ತರಿ ತಂದು ಅದರ ಮೇಲಿಟ್ಟರು.

"ಬಿಚ್ರಿ," ಎಂದರು.

ಐದು ದಿನ ಹಿಡಿಯಿತು. ಮುಂಜಾನೆ ಬರುವಳು, ಕಿಟಕಿಯ ಕೆಳಗೆ ಕುಳಿತು ಒಂದೊಂದು ಹೊಲಿಗೆ ಕತ್ತರಿಸಿ ದಾರ ಎಳೆಯುವಳು, ಸಂಜೆ ಹೋಗುವಳು. ಸುಮಂಗಲಾಬಾಯಿ ಎದುರಿಗೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಾತಿಲ್ಲ. ಅದೇ ಬಾಯಿ ಫೋನಿನಲ್ಲಿ ತಾಸುಗಟ್ಟಲೆ ಹೇಳುತ್ತಿದ್ದದ್ದು, ಅದನ್ನು ಕೇಳಲು ಯಮನವ್ವನಿಗೆ ಬೇಸರ ಬಂದದ್ದೇ ಇಲ್ಲ. ಈಗ ಕತ್ತರಿಯ ಸಪ್ಪಳವಷ್ಟೆ. ಮೊದಲ ದಿನವೇ ಅವಳು ತನ್ನ ಚೌಕನ್ನು ಬಿಡಿಸಿ ಪಕ್ಕಕ್ಕೆ ಇಟ್ಟಿದ್ದಳು. ಸಂಜೆ ನೋಡಿದರೆ ಅದು ಅಲ್ಲಿ ಇರಲಿಲ್ಲ. ಕಸದ ಡಬ್ಬಿಗೆ ಹೋಗಿರಬೇಕು, ಹೋಗಲಿ ಎಂದುಕೊಂಡಳು.

ನಾಲ್ಕನೆಯ ದಿನ ಹಸಿರು ಸೀರೆ ಎದ್ದುಬಂತು. ಕೆಳಗೆ ಚಹದ ಬಣ್ಣದ ಸೀಳುಗಳು. ಯಮನವ್ವ ಏಳನ್ನೂ ಒಂದೊಂದಾಗಿ ಎತ್ತಿ, ಕೂಸನ್ನು ಎತ್ತಿದಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಸುಮಂಗಲಾಬಾಯಿ ಅವನ್ನು ಮಂಚದ ಮೇಲೆ ಹಾಸಿ, ಹಿಂದೆ ಮುಂದೆ ಮಾಡಿ ಹೊಂದಿಸುತ್ತ ಹೋದರು. ಕೊನೆಗೆ ಎರಡು ಸೀಳುಗಳನ್ನು ಅಂಚಿಗೆ ಅಂಚು ಸೇರಿಸಿದಾಗ ಅವರ ಕೈ ನಿಂತಿತು. ಕೀಲಿಕೈಯ ಜಾಗ. ಸೀಳಿದ್ದು ಸರಿಯಾಗಿ ಅದರ ನಡುವೆಯೇ ಹೋಗಿತ್ತು. ಎರಡೂ ಅರ್ಧಗಳ ಮೇಲೆ ಸಾಲು ಸಾಲಾಗಿ ಸೂಜಿಯ ತೂತು.

"ಇವೆಲ್ಲಾ ನಿಮ್ಮ ಹೊಲಿಗೀವು?"

"ಹೌದ್ರಿ."

"ಇದನ್ನ ಕೂಡಿಸಿ ಮ್ಯಾಲ ಹಚ್ಚಾಕ ಬರ್ತದೇನು?"

ಯಮನವ್ವ ಬಟ್ಟೆಯನ್ನು ಮುಟ್ಟಲಿಲ್ಲ. "ಇಲ್ರಿ. ಒಂದೊಂದು ಸೂಜಿಗೂ ಒಂದೊಂದು ತೂತು ಬೀಳ್ತದ. ಮ್ಯಾಲ ಹಚ್ಚಿದರ ಎರಡು ಸಲ ಒಗಿಯೂದ್ರಾಗ ಹೋಗ್ತದ್ರಿ."

"ಮದಲು ಇಡೀ ಇದ್ದಾಗ ಹಚ್ಚಿದ್ರ?"

"ಆವಾಗೂ ವರ್ಷ ಬಾಳತಿರಲಿಲ್ರಿ."

ಸುಮಂಗಲಾಬಾಯಿ ಎರಡೂ ಅರ್ಧಗಳ ಮೇಲೆ ಬೆರಳಾಡಿಸಿದರು. "ಹಂಗಾದ್ರ ಒಳಗ ಇಟ್ಟದ್ದು ಛಲೋನ ಆತಲ್ಲ," ಎಂದರು, ಯಾರಿಗೆ ಎಂದಿಲ್ಲದೆ.

ಇಷ್ಟು ದಿನ ಯಮನವ್ವ ಈ ಮಾತಿಗಾಗಿ ಹಂಬಲಿಸಿದ್ದಳು. ಈಗ ಅದು ಎದುರಿಗೆ ಬಂದಾಗ ತೆಗೆದುಕೊಳ್ಳಲು ಅವಳ ಕೈ ಮುಂದಾಗಲಿಲ್ಲ. "ಇಟ್ಟದ್ದಕ್ಕ ಅಲ್ರಿ ಬಾಯಾರ. ಕೇಳಲಾರದ ಇಟ್ಟೆ. ಕೇಳಬೇಕು ಅಂತ ಅನಿಸಿತ್ತು, ಕೇಳಲಿಲ್ಲ. ನಿಮ್ಮ ಮುಂದ ಸಣ್ಣಾಕಿ ಆಗ್ತೀನಿ ಅಂತ. ಆಮ್ಯಾಲ ನನ್ನ ಸೀರಿ ಮ್ಯಾಲ ನೀವು ಅತ್ತರೂ ನೋಡಕೋತ ನಿಂತೆ."

ಸುಮಂಗಲಾಬಾಯಿ ಕೀಲಿಕೈಯ ಜಾಗದ ಎರಡು ಸೀಳುಗಳನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು. "ಇವೆರಡು ನನ್ನ ಕಡೆ ಇರಲಿ, ಹೊಲಿಯೂದು ಬ್ಯಾಡ. ಉಳದ ಐದು ಎಲ್ಲಿದ್ದೂ ಅಲ್ಲೇ ಇಡ್ರಿ. ಮ್ಯಾಲ ಏನೂ ಹಚ್ಚಬ್ಯಾಡ್ರಿ. ಹಸರ ಹಂಗ ಇರಲಿ."

ಐದನೆಯ ದಿನ ಸಂಜೆಗೆ ಯಮನವ್ವ ದೊಡ್ಡ ಹೊಲಿಗೆ ಹಾಕಿ ಹಸಿರು ಸೀರೆಯನ್ನು ಹಿಡಿದು ನಿಲ್ಲಿಸಿದಳು. ಸುತ್ತು ಸುತ್ತಿನ ಹೊಲಿಗೆ ಮನೆಗೆ ಒಯ್ದು ಹಾಕಿ ತರುತ್ತೇನೆ ಎಂದಳು. ಬೇಡವೆಂದರು. ಹೀಗೇ ಸಾಕಂತೆ. ಕೌದಿಯೊಳಗೆ ರೊಟ್ಟಿಯ ಚೂರಿಡಬೇಕೆಂದು ಅವಳಿಗೆ ನೆನಪಿತ್ತು, ಚೀಲದಲ್ಲಿ ತಂದೂ ಇದ್ದಳು. ಕೇಳದೆ ಇಡಬಾರದೆಂದು ಕೇಳಿದಳು. ಸುಮಂಗಲಾಬಾಯಿ, "ಇಡ್ರಿ," ಎಂದರು.

ಏಳುವಾಗ ಅವರು ಒಳಗಿನಿಂದ ಮಡಿಸಿದ ಬಟ್ಟೆಯೊಂದನ್ನು ತಂದು ಅವಳ ಕೈಗೆ ಕೊಟ್ಟರು. ಅವಳ ಚೌಕು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿತ್ತು.

"ಇದು ನಿಮ್ಮದು," ಎಂದರು. ಬಾಗಿಲವರೆಗೆ ಬಂದು, "ಒಂದು ತಿಂಗಳ ಇದರ ಮ್ಯಾಲ ಗಲ್ಲ ಇಟ್ಟು ಮಲಗೀನ್ರಿ. ನನ್ನ ಅವ್ವನ ವಾಸನಿ ನನಗ ಗೊತ್ತಾಗಲಿಲ್ಲ ನೋಡ್ರಿ. ನೀವು ಹೇಳದಿದ್ರ ನಾ ಸುಖದಾಗ ಇರತಿದ್ದೆ," ಎಂದರು.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದದ್ದನ್ನು ಇದ್ದಂತೆ ಹೇಳಿದರಷ್ಟೆ.

"ಹೌದ್ರಿ," ಎಂದಳು ಯಮನವ್ವ. ಅವಳಿಗೂ ಹಾಗೇ ಅನ್ನಿಸಿತ್ತು. ಸುಳ್ಳು ಹೇಳಿದ್ದಕ್ಕೆ ಕಾಡಿದ್ದು ಒಂದು ಬಗೆ. ನಿಜ ಹೇಳಿದ್ದಕ್ಕೆ ಕಾಡುವುದು ಇನ್ನೊಂದು ಬಗೆ ಎಂದು ಅವಳಿಗೆ ಗೊತ್ತಿರಲಿಲ್ಲ. "ಮುಂದ ಯಾವಾಗರ ಬರಲ್ರಿ, ಸುತ್ತು ಹೊಲಿಗಿ ಹಾಕಾಕ?"

"ಸದ್ಯಕ್ಕ ಬ್ಯಾಡ್ರಿ. ಬೇಕಾದ್ರ ನಾನ ಫೋನ್ ಮಾಡ್ತೀನಿ."

ಬಾಗಿಲು ಮೆಲ್ಲಗೆ ಮುಚ್ಚಿತು. ಯಮನವ್ವ ಲಿಫ್ಟಿನ ಮುಂದೆ ನಿಂತಳು. ಅದು ಬಂತು, ಬಾಗಿಲು ತೆರೆಯಿತು, ಒಳಗಿನ ಕನ್ನಡಿಯಲ್ಲಿ ಕೈಯಲ್ಲಿ ಬಟ್ಟೆ ಹಿಡಿದ ಹೆಂಗಸೊಬ್ಬಳು ಕಂಡಳು. ಅವಳು ಹತ್ತಲಿಲ್ಲ. ಗೋಡೆ ಹಿಡಿದುಕೊಂಡು, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ನಿಲ್ಲುತ್ತ, ಹನ್ನೊಂದು ಮಾಳಿಗೆಯನ್ನೂ ನಡೆದೇ ಇಳಿದಳು.